ಒತ್ತಕ್ಷರ ನುಂಗಿದ ನಿಮಿಷಗಳು

ಮೊನ್ನೆ ಒಂದು ಗುಂಪಿನಲ್ಲಿ ಯಾರೋ ಕೇಳಿದ್ದರು: ಆಪರೇಟಿಂಗ್ ಸಿಸ್ಟಮ್ಮಿಗೆ ಗಂಟೆ ಎಷ್ಟಾಯಿತೆಂದು ಹೇಳುವವರು ಯಾರು? ನಾನೂ ನಾಲ್ಕು ಸಾಲು ಟೈಪ್ ಮಾಡಿ ಅಳಿಸಿದೆ. ಆ ಪ್ರಶ್ನೆಗೆ ನನ್ನ ಉತ್ತರ ನಾಲ್ಕು ಸಾಲಿನದಲ್ಲ, ಅದರಲ್ಲಿ ನನ್ನ ಮರ್ಯಾದೆಯೂ ಉಳಿಯುವುದಿಲ್ಲ. ಹೋಗಲಿ ಬಿಡಿ, ಬರೆದೇಬಿಡುತ್ತೇನೆ. ಬೈಯುವವರು ಪೂರ್ತಿ ಓದಿ ಬೈಯಿರಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅರಸೀಕೆರೆಯಲ್ಲಿ ತೂಕದ ಯಂತ್ರ ಮಾರಿ ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬಾಣಾವರದಿಂದ ದಿನಾ ರೈಲಿನಲ್ಲಿ ಓಡಾಟ. ಅಂಗಡಿಯ ಯಜಮಾನರಿಗೆ ಹಳ್ಳಿಗಳ ಹಾಲಿನ ಡೈರಿಗಳಿಗೆ ಒಂದು ಯಂತ್ರ ಮಾಡಿಕೊಡುವ ಹುಮ್ಮಸ್ಸು ಬಂತು. ಹಳೆಯ ಕಂಪ್ಯೂಟರ್ ಬೋರ್ಡು, ಅದಕ್ಕೆ ತೂಕದ ತಟ್ಟೆ, ಫ್ಯಾಟ್ ಅಳೆಯುವ ಪೆಟ್ಟಿಗೆ, ಚೀಟಿ ಹೊಡೆಯುವ ಸಣ್ಣ ಪ್ರಿಂಟರು. ಹಾಲು ತಂದವರ ಕ್ಯಾನು ತೂಗಿ, ಫ್ಯಾಟ್ ನೋಡಿ, ಎಷ್ಟು ಹೊತ್ತಿಗೆ ಹಾಲು ಹಾಕಿದರು ಅನ್ನುವುದರ ಸಮೇತ ಚೀಟಿ ಕೊಡಬೇಕು. ಈ ಮೂರೂ ಕೆಲಸ ಒಂದರ ಕಾಲು ಇನ್ನೊಂದು ತುಳಿಯದಂತೆ ನಡೆಸಲು ನಾನೇ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ಬರೆದೆ. ಪ್ರೋಗ್ರಾಂ ಒಂದು ಚಿಪ್ಪಿನಲ್ಲಿ. ಆ ಊರಿನ ಹಾಲು ಹಾಕುವವರ ಹೆಸರುಗಳೂ ಅದೇ ಚಿಪ್ಪಿನಲ್ಲಿ. ಈ ಮಾತು ನೆನಪಿರಲಿ, ನನಗೆ ಬೇಕಾದಾಗ ನೆನಪಿರಲಿಲ್ಲ.

ಸಮಯದ ವ್ಯವಸ್ಥೆ ಹೀಗಿತ್ತು. ಬೋರ್ಡಿನಲ್ಲಿ ಬ್ಯಾಟರಿಯ ಮೇಲೆ ನಡೆಯುವ ಗಡಿಯಾರವಿತ್ತು. ಬೆಳಿಗ್ಗೆ ಸ್ವಿಚ್ ಹಾಕಿದಾಗ ನನ್ನ ಪ್ರೋಗ್ರಾಂ ಅದನ್ನು ಒಂದೇ ಒಂದು ಸಲ ನೋಡಿಕೊಳ್ಳುತ್ತಿತ್ತು. ಅಲ್ಲಿಂದಾಚೆಗೆ ತನ್ನದೇ ಲೆಕ್ಕ. ಟೈಮರ್ ಚಿಪ್ಪು ಸೆಕೆಂಡಿಗೆ ನೂರು ಸಲ ಪ್ರೊಸೆಸರಿನ ಬಾಗಿಲು ತಟ್ಟುತ್ತದೆ. ಹಾಗೆ ತಟ್ಟುವುದಕ್ಕೆ ಇಂಟರಪ್ಟ್ ಅನ್ನುತ್ತೇವೆ. ತಟ್ಟಿದಾಗಲೆಲ್ಲ ಒಂದು ಕೂಡಿಸು. ನೂರಾದರೆ ಒಂದು ಸೆಕೆಂಡು. ಎಲ್ಲರೂ ಮಾಡುವುದು ಹಾಗೇ.

ಮೊದಲ ಯಂತ್ರ ಬಾಣಾವರದ ಆಚೆ ಒಂದು ಸಣ್ಣ ಹಳ್ಳಿಗೆ ಹೋಯಿತು, ಇಂಗ್ಲಿಷ್ ಚೀಟಿಯೊಂದಿಗೆ. ಎರಡನೆಯದು ಹಳೇಬೀಡಿನಿಂದ ಮಾದಿಹಳ್ಳಿಯ ಕಡೆಗಿನ ಒಂದು ಊರಿಗೆ. ಊರಿನ ಹೆಸರು ಬೇಡ. ಹಾಲು ಹಾಕುವವರು ಅಲ್ಲಿ ಬಹಳ. ಡೈರಿಯ ಅಧ್ಯಕ್ಷರು ಮೊದಲ ದಿನವೇ ಹೇಳಿದರು:

"ಚೀಟಿ ಕನ್ನಡದಾಗೇ ಬರ್ಬೇಕು ಕಣಪ್ಪಾ. ಇಂಗ್ಲೀಷಲ್ಲಿ ಹೊಡುದ್ರೆ ನಮ್ಮೂರ ಹೆಂಗಸ್ರು ಯಾರ್ದೋ ಚೀಟಿ ಯಾರೋ ತಗೊಂಡೋಯ್ತಾರೆ."

ನ್ಯಾಯವಾದ ಮಾತು. ಆದರೆ ಆ ಪ್ರಿಂಟರಿನ ಹೊಟ್ಟೆಯಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರ ಮಾತ್ರ. ಇಂಗ್ಲಿಷಿನಲ್ಲಾದರೆ ಅಕ್ಷರದ ನಂಬರು ಕಳಿಸಿ ಸುಮ್ಮನಿದ್ದರೆ ಅದೇ ಬರೆದುಕೊಳ್ಳುತ್ತದೆ. ಕನ್ನಡವನ್ನು ಚುಕ್ಕೆ ಚುಕ್ಕೆಯಾಗಿ ನಾನೇ ಕಳಿಸಬೇಕು. ಗ್ರಾಫ್ ಹಾಳೆಯ ಮೇಲೆ ಚೌಕ ತುಂಬಿ ತುಂಬಿ ಅ ಇಂದ ಳ ವರೆಗೆ ಬಿಡಿಸಿದೆ. ಒತ್ತಕ್ಷರಗಳು ಜೀವ ತೆಗೆದವು. ಪ್ರಿಂಟರಿನ ತಲೆ ಒಂದು ಸಲ ಹೋಗಿಬಂದರೆ ಮೇಲಿನ ಅಕ್ಷರ, ಇನ್ನೊಂದು ಸಲ ಹೋಗಿಬಂದರೆ ಕೆಳಗಿನ ಒತ್ತು. ಆ ಅಗ್ಗದ ಪ್ರಿಂಟರಿಗೆ ತಾಳ್ಮೆಯಿಲ್ಲ. ಚುಕ್ಕೆ ಕಳಿಸುವುದು ಚೂರು ತಡವಾದರೂ ಸಾಲು ಮುಗಿಯಿತೆಂದು ತಲೆಯನ್ನು ಹಿಂದಕ್ಕೆ ತಂದುಬಿಡುತ್ತಿತ್ತು. ಪುಟ್ಟಮ್ಮ ಎಂಬ ಹೆಸರಿನ ಎರಡನೇ ಟ ಪಕ್ಕದ ಮನೆಗೆ ಹೋಗಿ ಕೂರುತ್ತಿತ್ತು.

ಅದಕ್ಕೆ ನಾನು ಮಾಡಿದ್ದು ಇಷ್ಟು: ಕನ್ನಡ ಚೀಟಿ ಹೊಡೆಯುವಾಗ ಪ್ರೊಸೆಸರಿನ ಬಾಗಿಲಿಗೆ ಒಳಗಿಂದ ಚಿಲಕ. ಯಾರು ತಟ್ಟಿದರೂ ತೆಗೆಯುವುದಿಲ್ಲ. ಒತ್ತು ಅಕ್ಷರದ ಕೆಳಗೆ ಬಂದು ಅಚ್ಚುಕಟ್ಟಾಗಿ ಕೂತಿತು. ಊರವರು ತಮ್ಮ ಹೆಸರು ಓದಿಕೊಂಡು ಹಲ್ಲು ಬಿಟ್ಟರು. ನಾನು ಅವರಿಗಿಂತ ಜಾಸ್ತಿ ಬಿಟ್ಟೆ.

ಬೇಸಗೆ ಬಂತು. ಆ ಊರಿನ ಹಾಲು ಶೀತಲೀಕರಣ ಕೇಂದ್ರ ಮುಟ್ಟುವ ಹೊತ್ತಿಗೆ ಹುಳಿಯಾಗಿರುತ್ತದೆ ಎಂದು ತಕರಾರು ಶುರುವಾಯಿತು. ಹಾಲು ಒಕ್ಕೂಟದ ಆಫೀಸರು ಬೇಲೂರಿನಿಂದ ಬಂದು ಚೀಟಿಗಳನ್ನು ನೋಡಿದರು. ಚೀಟಿಯ ಪ್ರಕಾರ ಕೊನೆಯ ಹಾಲು ಏಳೂ ಹತ್ತಕ್ಕೋ ಏಳೂಕಾಲಿಗೋ ಮುಗಿದಿರುತ್ತದೆ. ವ್ಯಾನಿನವನ ಕೈಗಡಿಯಾರದ ಪ್ರಕಾರ ಅವನು ಕ್ಯಾನು ಎತ್ತಿಕೊಳ್ಳುವುದು ಎಂಟಕ್ಕೆ ಹತ್ತು ನಿಮಿಷವಿದ್ದಾಗ. ನಡುವಿನ ಹೊತ್ತಿನಲ್ಲಿ ಹಾಲು ಯಾರ ಕೈಲಿತ್ತು? ಹಾಲು ಪರೀಕ್ಷೆ ಮಾಡಿ ಕ್ಯಾನು ತುಂಬಿಸುತ್ತಿದ್ದ ಹೆಂಗಸಿನ ಕೈಲಿ. ಊರವರು ಅವರನ್ನು ಟೆಸ್ಟರಕ್ಕ ಎನ್ನುತ್ತಿದ್ದರು. ಕೆನೆ ತೆಗೆಯುತ್ತಾಳೆ, ಹಿಂದಿನ ಸಂಜೆಯ ಹಾಲು ಬೆರೆಸುತ್ತಾಳೆ ಎಂದು ಮಾತು ಹಬ್ಬಿತು. ಮಿಷಿನ್ ಟೈಮೇ ಹಿಂದಕ್ಕೆ ಬೀಳುತ್ತದೆ ಎಂದು ಟೆಸ್ಟರಕ್ಕ ಹೇಳಿದ್ದರಿಂದ ನನ್ನನ್ನು ಕರೆಸಿದರು.

ನಾನು ಹೋದೆ. ಸ್ವಿಚ್ ಆರಿಸಿ ಹಾಕಿ ನೋಡಿದೆ, ಸಮಯ ಸರಿಯಾಗಿತ್ತು. ಮತ್ತೆ ಆರಿಸಿ ಹಾಕಿದೆ, ಸರಿಯಾಗಿತ್ತು. ಸ್ವಿಚ್ ಹಾಕಿದಾಗಲೆಲ್ಲ ಅದು ಬ್ಯಾಟರಿ ಗಡಿಯಾರವನ್ನು ಕೇಳಿಕೊಳ್ಳುತ್ತದೆ, ಸರಿಯಾಗಿರದೆ ಇನ್ನೇನು? ಅಷ್ಟೂ ಹೊಳೆಯಲಿಲ್ಲ. ಆದರೂ ಪದ್ಧತಿಯಂತೆ ಪರೀಕ್ಷಿಸೋಣವೆಂದು ಬಾಣಾವರದ ಕಡೆಯ ಬೋರ್ಡನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಬದಲಾಯಿಸಿದೆ. ಆಯಾ ಊರಿನ ಹೆಸರುಗಳು ಆಯಾ ಊರಿಗೇ ಬೇಕಲ್ಲ, ಹಾಗಾಗಿ ಚಿಪ್ಪನ್ನು ಮಾತ್ರ ಕಿತ್ತು ಆಯಾ ಊರಿನಲ್ಲೇ ಉಳಿಸಿದೆ. ಒಂದು ವಾರ ಬಿಟ್ಟು ಎರಡೂ ಕಡೆಯ ಚೀಟಿ ತರಿಸಿ ನೋಡಿದೆ. ಬಾಣಾವರದ ಕಡೆ ಈಗಲೂ ಸರಿ. ಇಲ್ಲಿ ಈಗಲೂ ವ್ಯಾನಿಗೂ ಚೀಟಿಗೂ ತಾಳೆಯಿಲ್ಲ.

ಯಂತ್ರ ಬದಲಾಯಿತು, ದೋಷ ಊರು ಬಿಟ್ಟು ಹೋಗಲಿಲ್ಲ. ಹಾಗಾದರೆ ದೋಷ ಊರವರದು. ಇದು ನನ್ನ ತರ್ಕ. ಆವತ್ತು ಇದು ಎಷ್ಟು ಚಂದ ಕಂಡಿತ್ತೆಂದರೆ ಯಜಮಾನರಿಗೆ ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದೆ.

ಡೈರಿಯ ಮುಂದಿನ ಜಗಲಿಯಲ್ಲಿ ಸಭೆ ಸೇರಿತು. ಆಫೀಸರು ಚೀಟಿ ಹಿಡಿದು ಕೇಳಿದರು:

"ಕೊನೇ ಚೀಟಿ ಏಳೂ ಹತ್ತು. ವ್ಯಾನ್ ಹತ್ತಿದ್ದು ಏಳೂ ಐವತ್ತು. ನಡುವೆ ಹಾಲು ಏನ್ ಮಾಡ್ತಿತ್ತಮ್ಮಾ?"

"ಏನೂ ಮಾಡ್ತಿರ್ಲಿಲ್ಲ ಸಾ. ನಾನು ಕೊನೇ ಚೀಟಿ ಹರಿಯೋದಕ್ಕೂ ವ್ಯಾನು ಹಾರನ್ ಹೊಡಿಯೋದಕ್ಕೂ ಸರಿಹೋಯ್ತದೆ. ಮಿಷಿನ್ ಟೇಮೇ ಹಿಂದಕ್ ಬೀಳ್ತೈತೆ."

ಹಿಂದಿನಿಂದ ಒಬ್ಬ ಕೂಗಿದ: "ಮಿಷಿನ್ ಹಿಂದಕ್ ಬೀಳ್ತೈತೋ, ಕೆನೆ ತಗ್ಯಕ್ಕೆ ನೀನೇ ಹಿಂದಕ್ ಹೋಯ್ತೀಯೋ?"

ಎಲ್ಲರೂ ನಕ್ಕರು. ಆಫೀಸರು ನನ್ನ ಕಡೆ ತಿರುಗಿದರು. ನಾನು ಎದ್ದೆ. ಆ ಡೈರಿಯ ಗೋಡೆ ಗಡಿಯಾರವನ್ನು ಬಸ್ಸು ತಪ್ಪದಿರಲಿ ಎಂದು ಹತ್ತು ನಿಮಿಷ ಮುಂದಿಟ್ಟಿದ್ದರು, ನಮ್ಮ ಕಡೆ ಅರ್ಧ ಮನೆಗಳಲ್ಲಿ ಹಾಗೇ. ಅದನ್ನು ನಾನು ಮೊದಲೇ ಗಮನಿಸಿಟ್ಟುಕೊಂಡಿದ್ದೆ.

"ನಿಮ್ಮ ಗಡಿಯಾರನೇ ಮುಂದಿಟ್ಕೊಂಡು ನಮ್ಮ ಯಂತ್ರ ಹಿಂದಿದೆ ಅಂದ್ರೆ ಹೆಂಗಕ್ಕ? ಎರಡೆರಡು ಬೋರ್ಡ್ ಹಾಕಿ ನೋಡಿದೀನಿ. ಮನುಷ್ಯರು ಸುಳ್ಳು ಹೇಳ್ಬೋದು, ಯಂತ್ರ ಹೇಳಲ್ಲ."

"ಹತ್ ನಿಮ್ಷ ಮುಂದೈತೆ ಅಂತ ನಂಗೂ ಗೊತ್ತು ಸಾ, ಅದನ್ನ ಕಳುದೇ ಹೇಳ್ತಿರೋದು" ಎಂದರು ಟೆಸ್ಟರಕ್ಕ. ಆದರೆ ಅಷ್ಟರಲ್ಲಿ ಎರಡನೇ ನಗು ಎದ್ದಿತ್ತು, ಅದನ್ನು ಎಬ್ಬಿಸಿದವನು ನಾನು. ಅವರ ಮಾತು ಅದರಡಿ ಹೋಯಿತು. ಆವತ್ತೇ ಅವರನ್ನು ಕೆಲಸ ಬಿಡಿಸಿದರು. ಆಮೇಲೊಂದು ದಿನ ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಅವರು ಬಸ್ಸಿನಿಂದ ಇಳಿದರು. ಅದೇ ಊರಿನ ಹುಡುಗರಿಬ್ಬರು "ಕೆನೆಯಕ್ಕ ಬಂದ್ಲು ಕಣ್ಲಾ" ಎಂದರು. ಅವರಿಗೆ ಕೇಳಿಸುವ ಹಾಗೇ ಎಂದರು. ನಾನು ಪೇಪರ್ ಅಂಗಡಿಯ ಮರೆಗೆ ಸರಿದೆ. ಆಗಿನ್ನೂ ನಾನೇ ಸರಿ ಎಂಬ ನಂಬಿಕೆಯಲ್ಲಿದ್ದೆ. ಆದರೂ ಯಾಕೆ ಸರಿದೆನೋ!

ಮುಂದೆ ಅರೇಹಳ್ಳಿಯ ಕಡೆಯ ಒಂದು ಡೈರಿಯಿಂದ ಯಂತ್ರ ಕೇಳಿದರು. ಅವರಿಗೂ ಕನ್ನಡ ಚೀಟಿ. ಹೊಸ ಪ್ರಿಂಟರಿನ ರಿಬ್ಬನ್ ಪರೀಕ್ಷಿಸಲು ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಒಂದೇ ಸಮನೆ ಚೀಟಿ ಹೊಡೆಸಿದೆ. ಸಂಜೆ ಯಂತ್ರದ ಪರದೆಯ ಮೇಲಿನ ಸಮಯ ನೋಡಿದೆ, ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಕೈಗಡಿಯಾರವನ್ನು ಬೆಸುಗೆ ಹಾಕುವಾಗ ಬಿಚ್ಚಿಟ್ಟು ಜೇಬಿಗೆ ಹಾಕಿಕೊಂಡಿದ್ದೆ. ನಿಧಾನಕ್ಕೆ ಸ್ಟೇಷನ್ನಿಗೆ ಹೋದರೆ ಪ್ಲಾಟ್‌ಫಾರಂ ಖಾಲಿ.

"ಪ್ಯಾಸೆಂಜರ್ ಇವತ್ತು ಮುಂಚೆನೇ ಹೋಗ್ಬಿಡ್ತಾ?" ಎಂದು ಟೀ ಮಾರುವವನ ಮೇಲೆ ರೇಗಿದೆ.

"ಮುಂಚೆನಾ? ಲೇಟಾಗ್ ಬಂದು ಲೇಟಾಗೇ ಹೋಯ್ತು ಸಾ. ನೀವು ಅದಕ್ಕಿಂತ ಲೇಟು!"

ಜೇಬಿನಿಂದ ಗಡಿಯಾರ ತೆಗೆದು ನೋಡಿದೆ. ಯಂತ್ರ ತೋರಿಸಿದ್ದಕ್ಕಿಂತ ಅದು ಬಹಳ ಮುಂದಿತ್ತು. ರೈಲಿನ ಯೋಚನೆ ಅಲ್ಲಿಗೇ ಬಿಟ್ಟುಹೋಯಿತು.

ವಾಪಸು ಬಂದು ಅಂಗಡಿಯ ಬಾಗಿಲು ತೆಗೆಸಿದೆ. ಇಂಗ್ಲಿಷ್ ಚೀಟಿ ಹೊಡೆಸಿ ಗಡಿಯಾರಕ್ಕೆ ಹೋಲಿಸಿದೆ, ಏನೂ ಆಗಲಿಲ್ಲ. ಕಮಲ ಎಂಬ ಹೆಸರಿನ ಚೀಟಿ ಹೊಡೆಸಿದೆ. ಯಂತ್ರ ಕೆಲವು ಸೆಕೆಂಡು ಹಿಂದೆ ಬಿತ್ತು. ಪುಟ್ಟಮ್ಮ ಹೊಡೆಸಿದೆ, ಇನ್ನೂ ಹಿಂದೆ. ಚಿಲಕ ಹಾಕಿಕೊಂಡು ಚುಕ್ಕೆ ಕಳಿಸುತ್ತಿರುವಷ್ಟು ಹೊತ್ತು ಟೈಮರ್ ಬಾಗಿಲು ತಟ್ಟುತ್ತಲೇ ಇದೆ, ಒಳಗಿರುವವನಿಗೆ ಕೇಳುವುದಿಲ್ಲ. ಕೇಳದ ತಟ್ಟು ಲೆಕ್ಕಕ್ಕೆ ಬರುವುದಿಲ್ಲ. ಒಂದೊಂದು ಚೀಟಿಗೂ ಸ್ವಲ್ಪ ಸ್ವಲ್ಪ ಸಮಯ ಹೋಗುತ್ತಿತ್ತು, ಒತ್ತಕ್ಷರದ ಹೆಸರಿಗೆ ದುಪ್ಪಟ್ಟು. ಪುಟ್ಟಮ್ಮ, ಸಿದ್ದಪ್ಪ, ತಿಮ್ಮಕ್ಕ, ಚನ್ನಬಸಪ್ಪ: ನಮ್ಮ ಕಡೆ ಒತ್ತಿಲ್ಲದ ಹೆಸರು ಹುಡುಕಬೇಕು. ಆ ಊರಿನ ಹಾಲಿನ ಸಾಲು ಮುಗಿಯುವ ಹೊತ್ತಿಗೆ ಯಂತ್ರ ಅರ್ಧ ಗಂಟೆಗೂ ಹೆಚ್ಚು ಹಿಂದೆ ಬಿದ್ದಿರುತ್ತಿತ್ತು. ಇನ್ನು ಆ ಬೋರ್ಡು ಬದಲಾಯಿಸಿದ ಪರೀಕ್ಷೆ! ದೋಷವಿದ್ದ ಚಿಪ್ಪನ್ನು ನಾನೇ ಕೈಯಾರೆ ಹೊಸ ಬೋರ್ಡಿಗೆ ಕೂರಿಸಿ, ದೋಷ ಊರವರದು ಎಂದಿದ್ದೆ.

ಮರುದಿನ ಯಜಮಾನರಿಗೆ ಹೇಳಿದೆ. ಅವರು ಮೊದಲು ಕೇಳಿದ್ದು, "ಇನ್ಯಾರಿಗ್ ಗೊತ್ತು?"

"ಯಾರಿಗೂ ಇಲ್ಲ."

"ಹಂಗೇ ಇರ್ಲಿ. ಹೊಸ ವರ್ಷನ್ ಅಂತ ಹಾಕ್ಬಿಟ್ಟು ಬಾ. ಇದು ಗೊತ್ತಾದ್ರೆ ಬೇಲೂರು ಕಡೆ ಒಬ್ಬನೂ ನಮ್ಮ ಮಿಷಿನ್ ಮುಟ್ಟಲ್ಲ."

"ಸರಿ ಸಾರ್" ಎಂದೆ. ಸಭೆಯಲ್ಲಿ ಆಡಿದ್ದು ತಿಳಿಯದೆ ಆಡಿದ್ದು. ಈ "ಸರಿ ಸಾರ್" ಎಲ್ಲ ತಿಳಿದು ಆಡಿದ್ದು.

ಸುಲಭದ ದಾರಿಯೊಂದಿತ್ತು: ಪ್ರತಿ ಚೀಟಿಗೂ ಬ್ಯಾಟರಿ ಗಡಿಯಾರವನ್ನು ಓದಿಬಿಡುವುದು. ಆದರೆ ತೂಕ ನಿಲ್ಲಲು ಎಷ್ಟು ಕಾಯಬೇಕು, ಫ್ಯಾಟಿನ ಪೆಟ್ಟಿಗೆ ಉತ್ತರ ಕೊಡದಿದ್ದರೆ ಯಾವಾಗ ಬಿಡಬೇಕು, ಎಲ್ಲವೂ ಅದೇ ತಟ್ಟಿನ ಲೆಕ್ಕದಲ್ಲಿ ನಡೆಯುತ್ತಿದ್ದವು. ಮುಖ ತೊಳೆದರೆ ಸಾಲದು. ತಟ್ಟುವುದನ್ನು ಎಣಿಸುವುದನ್ನೇ ಬಿಡಬೇಕು ಎಂದು ನಿರ್ಧರಿಸಿದೆ. ಟೈಮರ್ ಚಿಪ್ಪಿನೊಳಗೆ ಕೌಂಟರುಗಳಿವೆ, ಬಾಗಿಲಿಗೆ ಚಿಲಕ ಬಿದ್ದಿದ್ದರೂ ಅವು ತಮ್ಮ ಪಾಡಿಗೆ ಎಣಿಸುತ್ತಿರುತ್ತವೆ. ಸಮಯ ಬೇಕಾದಾಗ ಕೌಂಟರನ್ನೇ ಓದಬೇಕು. ಹಿಂದೆ ಓದಿದ್ದಕ್ಕೂ ಈಗ ಓದಿದ್ದಕ್ಕೂ ಇರುವ ಅಂತರವೇ ಕಳೆದ ಕಾಲ. ತಟ್ಟು ಎಷ್ಟು ತಪ್ಪಿದರೂ ಚಿಂತೆಯಿಲ್ಲ.

ಹೇಳಿದಷ್ಟು ಸಲೀಸಾಗಲಿಲ್ಲ. ಒಂದು ಕೌಂಟರು ಕಣ್ಣು ಮಿಟುಕಿಸುವುದರೊಳಗೆ ಸುತ್ತು ಮುಗಿಸಿ ಮೊದಲಿಗೆ ಬರುತ್ತದೆ. ಚೀಟಿ ಹೊಡೆಯುವಷ್ಟರಲ್ಲಿ ಎಷ್ಟು ಸುತ್ತು ಹೋಯಿತೆಂದು ತಿಳಿಯುವುದಿಲ್ಲ. ಅದಕ್ಕೇ ಇನ್ನೊಂದು ಟೈಮರ್ ಚಿಪ್ಪು ತಂದು, ಒಂದು ಕೌಂಟರಿನ ಹೊರದಾರಿಯನ್ನು ಮತ್ತೊಂದರ ಒಳದಾರಿಗೆ ತಂತಿಯಿಂದ ಬೆಸೆದೆ. ಮೊದಲನೆಯದು ಮಿಲಿಸೆಕೆಂಡಿಗೊಂದು ಸಲ ಎರಡನೆಯದನ್ನು ತಳ್ಳುತ್ತದೆ. ಎರಡನೆಯದು ಸುತ್ತು ಮುಗಿಸಲು ಒಂದು ನಿಮಿಷಕ್ಕೂ ಹೆಚ್ಚು ಬೇಕು. ಎಷ್ಟೇ ಒತ್ತಿನ ಹೆಸರಾದರೂ ಅಷ್ಟರಲ್ಲಿ ಮುಗಿದಿರುತ್ತದೆ.

ಮೊದಲ ಸಲ ಓಡಿಸಿದಾಗ ಗಡಿಯಾರ ಹಿಂದುಹಿಂದಕ್ಕೆ ನಡೆಯಿತು. ಆ ಕೌಂಟರುಗಳು ಮೇಲಿಂದ ಕೆಳಕ್ಕೆ ಎಣಿಸುತ್ತವೆ ಎಂಬುದನ್ನು ಮರೆತು ಉಲ್ಟಾ ಕಳೆದಿದ್ದೆ. ಅದನ್ನು ತಿದ್ದಿದೆ. ಆಮೇಲೆ ಆಗೊಮ್ಮೆ ಈಗೊಮ್ಮೆ ಕಾಲು ಸೆಕೆಂಡು ಜಿಗಿಯತೊಡಗಿತು. ಕೌಂಟರಿನ ಸಂಖ್ಯೆಯನ್ನು ಎರಡು ತುಂಡಾಗಿ ಓದಬೇಕು. ಮೊದಲ ತುಂಡು ಓದಿ ಎರಡನೆಯದಕ್ಕೆ ಹೋಗುವಷ್ಟರಲ್ಲಿ ಅದು ಬದಲಾಗಿಬಿಟ್ಟಿದ್ದರೆ ಎರಡೂ ಹೊಂದುವುದಿಲ್ಲ. ಓದುವ ಮೊದಲು ಸಂಖ್ಯೆಯನ್ನು ಹಿಡಿದು ನಿಲ್ಲಿಸುವ ಆಜ್ಞೆಯೊಂದಿದೆ. ಎಣಿಕೆ ಒಳಗೆ ನಡೆಯುತ್ತಲೇ ಇರುತ್ತದೆ, ನಮಗೆ ಹಿಡಿದಿಟ್ಟ ಸಂಖ್ಯೆ ಸಿಗುತ್ತದೆ. ಅದನ್ನು ಸೇರಿಸಿದ ಮೇಲೆ ದಿನವಿಡೀ ಚನ್ನಬಸಪ್ಪನ ಚೀಟಿ ಹೊಡೆಸಿದರೂ ಕೈಗಡಿಯಾರಕ್ಕೂ ಯಂತ್ರಕ್ಕೂ ಕೂದಲೆಳೆ ವ್ಯತ್ಯಾಸ ಬರಲಿಲ್ಲ. ನಾನು ಮಾಡಿದ ಕೆಲಸಗಳಲ್ಲಿ ಅತ್ಯಂತ ಅಚ್ಚುಕಟ್ಟಾದದ್ದು ಅದು. ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ.

ಬೆಳಗಿನ ಬಸ್ಸಿಗೆ ಆ ಊರಿಗೆ ಹೋದೆ. ಹಾಲಿನ ಸಾಲು ನಿಂತಿತ್ತು. ಟೆಸ್ಟರಕ್ಕನೂ ಸಾಲಿನಲ್ಲಿದ್ದರು, ತಮ್ಮ ಮನೆಯ ಹಾಲಿನ ಕ್ಯಾನು ಹಿಡಿದು. ಅವರ ಜಾಗದಲ್ಲಿ ಬೇರೊಬ್ಬ ಕೂತಿದ್ದ. ನಾನು ಮುಚ್ಚಳ ಬಿಚ್ಚುತ್ತಿದ್ದುದನ್ನು ನೋಡಿ ಕೇಳಿದರು:

"ಏನ್ ಸಾ, ಬಿಚ್ಚಿದೀರಾ?"

"ಹೊಸ ವರ್ಷನ್ ಅಕ್ಕ."

"ಹಳೇದಕ್ಕೇನಾಗಿತ್ತು?"

"ಏನಿಲ್ಲ" ಎಂದೆ. ಸ್ಕ್ರೂ ಕಡೆಗೆ ತಲೆ ಬಗ್ಗಿಸಿಕೊಂಡೇ ಎಂದೆ.

ಅವರು ಹಾಲು ಹಾಕಿದ ಮೇಲೂ ಹೋಗಲಿಲ್ಲ. ಕಂಬಕ್ಕೆ ಒರಗಿ ಖಾಲಿ ಕ್ಯಾನು ಹಿಡಿದು ನಿಂತರು. ಸಾಲು ಕರಗಿತು. ಕೊನೆಯ ಚೀಟಿ ಬರುವಾಗ ರಸ್ತೆಯಲ್ಲಿ ವ್ಯಾನು ಹಾರನ್ ಹೊಡೆಯಿತು. ಅವರು ಮುಂದೆ ಬಂದು ಆ ಚೀಟಿ ತೆಗೆದು ಸಮಯ ಓದಿದರು. ಏಳೂ ಐವತ್ತು.

"ಇವತ್ತು ನಡುವೆ ಹಾಲು ಏನೂ ಮಾಡ್ಲಿಲ್ವಲ್ಲ ಸಾ" ಎಂದರು.

ಅವರು ಕೂಗಿದ್ದರೆ ನಾನೂ ಏನಾದರೂ ಕೂಗಿ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಕೂಗಲಿಲ್ಲ. ನನ್ನ ಬಾಯಿಂದ ಎಲ್ಲ ಹೊರಗೆ ಬಂತು: ಚಿಲಕ, ಒತ್ತಕ್ಷರ, ಚಿಪ್ಪು, ಯಜಮಾನರು ಮುಚ್ಚಿಡು ಎಂದದ್ದು, ನಾನು ಸರಿ ಎಂದದ್ದು. ಅಧ್ಯಕ್ಷರು ಅಲ್ಲೇ ಇದ್ದರು. ಕೇಳಿಸಿಕೊಂಡು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

"ಆಯ್ತು ಬಿಡಪ್ಪ, ಈಗ ಸರಿ ಆಯ್ತಲ್ಲ. ಯಾಕ್ ಸುಮ್ನೆ ಕೆದ್ಕೋದು?"

"ನಿಮಗ್ ಸರಿ ಆಯ್ತು" ಎಂದರು ಟೆಸ್ಟರಕ್ಕ. "ನನ್ ಮಗ್ಳನ್ನ ಇಸ್ಕೂಲಲ್ಲಿ ಕೆನೆ ಅಂತ ಕೂಗ್ತವೆ. ಇವ್ರು ಅವತ್ತು ಊರ್ ಮುಂದೆ ಹೇಳುದ್ರಲ್ಲ, ಇದ್ನೂ ಊರ್ ಮುಂದೆ ಹೇಳ್ಬೇಕು."

"ನಾಳೆ ಬೆಳಿಗ್ಗೆ ಸಾಲಿನ ಮುಂದೆ ನಿಂತು ಹೇಳ್ತೀನಿ ಅಕ್ಕ" ಎಂದೆ.

"ಸಾಲಲ್ಲಿ ಯಾರ್ ಸಾ ಕೇಳುಸ್ಕತಾರೆ? ಎಲ್ರಿಗೂ ಬಸ್ಸಿನ್ ಅರ್ಜೆಂಟು. ಚೀಟಿ ಮೇಲ್ ಹಾಕಿ. ಮನೆ ಮನೆಗೆ ಹೋಗ್ಲಿ."

ಅರಸೀಕೆರೆಗೆ ಬಂದು ಯಜಮಾನರಿಗೆ ತಿಳಿಸದೆ ಚಿಪ್ಪಿಗೆ ಒಂದು ಸಾಲು ಸೇರಿಸಿದೆ. ಮರುದಿನ ಬೆಳಿಗ್ಗೆ ಡೈರಿಯಲ್ಲಿ ಮೊದಲ ಚೀಟಿಯನ್ನು ಟೆಸ್ಟರಕ್ಕನ ಕೈಗೇ ಕೊಟ್ಟೆ. ಕೆಳಗೆ ಹೀಗೆ ಬಂದಿತ್ತು: "ಹಿಂದಿನ ಚೀಟಿಗಳ ಸಮಯ ತಪ್ಪು. ತಪ್ಪು ಯಂತ್ರದ್ದು."

ಅವರು ಎರಡು ಸಲ ಓದಿದರು.

"ಮಿಷಿನ್ದಾ ಸಾ? ಅವತ್ತು ಜಗ್ಲಿ ಮೇಲೆ ಎದ್ ನಿಂತು ಮಾತಾಡಿದ್ದು ಮಿಷಿನ್ನಾ?"

ನಾನು ಅದೇ ಬಸ್ಸಿಗೆ ಹಿಂದಿರುಗಿದೆ. ನಾಚಿಕೆಯಲ್ಲಿಯೂ ಎಷ್ಟು ಜಾಗ್ರತೆಯಿಂದ ನನ್ನನ್ನು ಬದಿಗಿಟ್ಟುಕೊಂಡಿದ್ದೆ ನೋಡಿ. ಸಾಲನ್ನು ಬದಲಾಯಿಸಿ ಬರೆದೆ: "ಹಿಂದಿನ ಚೀಟಿಗಳ ಸಮಯ ತಪ್ಪು. ತಪ್ಪು ಯಂತ್ರ ಮಾಡಿದವನದ್ದು. ಟೆಸ್ಟರಕ್ಕನದ್ದಲ್ಲ."

ಆ ಸಾಲು ಮನೆ ಮನೆಗೆ ಹೋಯಿತು. ಯಜಮಾನರಿಗೂ ಸುದ್ದಿ ಮುಟ್ಟಿ, ಗಿರಾಕಿಗಳೆದುರೇ ನನ್ನನ್ನು ಉಗಿದರು. ಊರಿನಲ್ಲಿ ಎಲ್ಲರೂ ಕರಗಿಹೋದರು ಎಂದೇನೂ ತಿಳಿಯಬೇಡಿ. "ಹಂಗಾರೆ ಹಾಲು ಕೆಟ್ಟಿದ್ಯಾಕೆ?" ಎಂದು ಒಬ್ಬರು ಸಾಲಿನಲ್ಲೇ ಕೇಳಿದರು. ಬಿಸಿಲಿಗೋ, ಕ್ಯಾನಿಗೋ, ವ್ಯಾನಿಗೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಚೀಟಿ ಹಿಡಿದು ಬಂದವರು ಅಧ್ಯಕ್ಷರನ್ನು ದಿನಾ ಕೇಳತೊಡಗಿದರು, ಅವಳದ್ದಲ್ಲ ಅಂದಮೇಲೆ ಅವಳನ್ನು ಯಾಕೆ ಬಿಡಿಸಿದಿರಿ ಎಂದು. ಕೊನೆಗೆ ಕಮಿಟಿಯವರು ಟೆಸ್ಟರಕ್ಕನನ್ನು ಕರೆದು ಹಳೆಯ ಜಾಗದಲ್ಲೇ ಕೂರಿಸಿದರು.

ಅವರು ಮತ್ತೆ ಕೂತ ಬೆಳಿಗ್ಗೆ ನಾನು ಅಲ್ಲಿದ್ದೆ. ಸಾಲು ಡೈರಿಯ ಮೂಲೆ ದಾಟಿ ರಸ್ತೆಗೆ ಬಂದಿತ್ತು. ಆ ಮೂರು ವಾಕ್ಯಗಳಿಂದಾಗಿ ಪ್ರಿಂಟರು ಪ್ರತಿ ಚೀಟಿಗೂ ಇನ್ನಷ್ಟು ಸಲ ಹೋಗಿಬರುತ್ತಿತ್ತು. ನಾನು ಏನಾದರೂ ಹೇಳಬೇಕೆಂದು ಹತ್ತಿರ ಹೋದೆ. ಅವರು ಫ್ಯಾಟಿನ ಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ.

"ಆ ಸಾಲು ತಗುದ್ಬಿಡಿ ಸಾ. ಚೀಟಿ ಲೇಟಾಯ್ತೈತೆ, ವ್ಯಾನು ಬಂದ್ಬಿಡ್ತದೆ."